ಕೊನೆಯ ಮಾತು ನಿಮ್ಮದೇ ಇರಲಿ, ಡಾಕ್ಟ್ರೇ

ಇವರಿಗೆ,
ಮ.ರಾ.ರಾ. ಕರ್ಟಿಸ್ ಹೋವ್ ಸ್ಪ್ರಿಂಗರ್ ಅವರು,
ಝೈಝಿಕ್ಸ್ ರಸ್ತೆ, ಮೊಹಾವಿ ಮರುಭೂಮಿ,
ಸ್ಯಾನ್ ಬರ್ನಾರ್ಡಿನೊ ಕೌಂಟಿ, ಕ್ಯಾಲಿಫೋರ್ನಿಯಾ.
(ವಿಳಾಸದಾರರು 1985ರಲ್ಲೇ ತೀರಿಕೊಂಡಿರುವುದರಿಂದ ಅಂಚೆಯವರು ಮೇಲೂ ಕೆಳಗೂ ವಿಚಾರಿಸಿ ತಲುಪಿಸತಕ್ಕದ್ದು.)

ವಿಷಯ: ಏಳು ಕಿಲೋಮೀಟರಿನ ಒಂದು ರಸ್ತೆಗೆ ತಾವು ದಯಪಾಲಿಸಿದ ಹೆಸರಿನ ಕುರಿತು.

ಮಾನ್ಯರೇ,

ಉಭಯಕುಶಲೋಪರಿ ಸಾಂಪ್ರತ. ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ನಿವೇದಿಸಿಕೊಳ್ಳುವುದೇನೆಂದರೆ... ಕ್ಷಮಿಸಿ, ತಾಲ್ಲೂಕು ಕಚೇರಿಯಲ್ಲಿ ಮೂವತ್ತೆರಡು ವರ್ಷ ಕೂತು ಎದ್ದವನು ನಾನು. ಪೆನ್ನು ಹಿಡಿದರೆ ಮೊದಲು ಇಳಿಯುವುದು ಇದೇ ಸಾಲು.

ನಿವೃತ್ತಿಯಾದ ಮೇಲೆ ಎಲ್ಲರಂತೆ ನಾವೂ ಆರು ತಿಂಗಳು ಮಗಳ ಮನೆಗೆಂದು ಅಮೆರಿಕಕ್ಕೆ ಬಂದೆವು. ಬಂದವರನ್ನು ಲಾಸ್ ವೇಗಸ್‌ಗೆ ಕರೆದುಕೊಂಡು ಹೋಗುವುದು ಇಲ್ಲಿನ ಮಕ್ಕಳಿಗೆ ಒಂದು ಸಂಸ್ಕಾರ ಇದ್ದ ಹಾಗೆ, ನಮ್ಮ ಕಡೆ ಬಂದ ನೆಂಟರಿಗೆ ಬೇಲೂರು ಹಳೇಬೀಡು ತೋರಿಸಿದಂತೆ. ಲಾಸ್ ಏಂಜಲೀಸ್ ಬಿಟ್ಟು ಬಾರ್‌ಸ್ಟೋ ದಾಟಿ ಐ-15 ಹೆದ್ದಾರಿಯಲ್ಲಿ ಹೋಗುತ್ತಿದ್ದೆವು. ಎರಡೂ ಕಡೆ ಹುರಿದ ರವೆಯ ಬಣ್ಣದ ನೆಲ, ಮೇಲೆ ಮೋಡವಿಲ್ಲದ ಬಾನು. ಬೇಕರ್ ಎಂಬ ಊರು ಬರುವುದಕ್ಕೆ ಸ್ವಲ್ಪ ಮುಂಚೆ ಒಂದು ಹಸಿರು ಫಲಕ ಕಂಡಿತು. ಝಡ್, ಝಡ್, ವೈ, ಝಡ್, ಎಕ್ಸ್. ಮುಂದೆ ರೋಡ್ ಅಂತ ಇತ್ತು. ಪೇಂಟರ್ ಮಧ್ಯಾಹ್ನ ಕುಡಿದು ಬಂದಿದ್ದಿರಬೇಕು ಅಂದುಕೊಂಡೆ. ನಮ್ಮ ಲೋಕೋಪಯೋಗಿ ಇಲಾಖೆಯ ಫಲಕಗಳನ್ನು ಓದಿ ಬೆಳೆದವನು, ನನಗೆ ಅದರಲ್ಲಿ ಆಶ್ಚರ್ಯವೇನೂ ಇರಲಿಲ್ಲ.

"ಅದು ತಪ್ಪಲ್ಲ ಮಾವ, ಹೆಸರೇ ಅದು. ಝೈಝಿಕ್ಸ್" ಎಂದ ಅಳಿಯ.

ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ನಮ್ಮ ಮನೆಯವರು ಕಣ್ಣು ಬಿಟ್ಟು, "ಯಾರಿಗೆ ಜೈ?" ಎಂದು ಕೇಳಿದರು.

ಡಾಕ್ಟ್ರೇ, ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋಗಿ ನಿಮ್ಮ ಇಡೀ ಕಡತ ನನ್ನ ಕೈಗೆ ಬಂತು. ಓದಿ ಮುಗಿಸುವಷ್ಟರಲ್ಲಿ ನಿಮ್ಮ ಮೇಲೆ ಗೌರವ ಹುಟ್ಟಿತು. ಮೂವತ್ತೆರಡು ವರ್ಷದಲ್ಲಿ ನಾನು ನೋಡಿದ ಒತ್ತುವರಿದಾರರನ್ನೆಲ್ಲ ಒಟ್ಟಿಗೆ ನಿಲ್ಲಿಸಿದರೂ ನಿಮ್ಮ ಮೊಣಕಾಲಿಗೆ ಬರುವುದಿಲ್ಲ.

ಮೊದಲು ಸ್ಥಳ ಮಹಜರು ಮಾಡಿಬಿಡೋಣ. ನನ್ನ ಹಟಕ್ಕೆ ಅಳಿಯ 239ನೇ ಎಕ್ಸಿಟ್ಟಿನಲ್ಲಿ ಗಾಡಿ ತಿರುಗಿಸಿದ. ಸ್ವಲ್ಪ ದೂರ ಟಾರು, ಆಮೇಲೆ ಜಲ್ಲಿ ಮಣ್ಣು. ಒಂದು ಕಡೆ ಕಲ್ಲುಗುಡ್ಡ ರಸ್ತೆಯ ಮೈಗೆ ಅಂಟಿಕೊಂಡೇ ಬರುತ್ತದೆ. ಇನ್ನೊಂದು ಕಡೆ ಸೋಡಾ ಲೇಕ್. ಹೆಸರಿಗೆ ಲೇಕ್, ಇರುವುದು ಕಣ್ಣಿಗೆ ರಾಚುವಷ್ಟು ಬಿಳಿಯ ಉಪ್ಪಿನ ಬಯಲು. ಪೆಟ್ರೋಲ್ ಬಂಕಿಲ್ಲ, ಟೀ ಅಂಗಡಿಯಿಲ್ಲ, ಎದುರಿಗೆ ಒಂದು ಗಾಡಿಯೂ ಬರಲಿಲ್ಲ. ಎಂಜಿನ್ ನಿಲ್ಲಿಸಿದರೆ ನಮ್ಮ ಕಿವಿಯೊಳಗಿನ ಗುಂಯ್ ಸದ್ದು ನಮಗೇ ಕೇಳುತ್ತದೆ. ಇಷ್ಟು ಸುಮ್ಮನಿರುವ ರಸ್ತೆಗೆ ಇಷ್ಟು ಗದ್ದಲದ ಹೆಸರು.

ನೀವು ಬರುವ ಮುಂಚೆ ಆ ಜಾಗಕ್ಕೆ ಹೆಸರಿರಲಿಲ್ಲ ಅಂತ ಏನಿಲ್ಲ. ಸೋಡಾ ಸ್ಪ್ರಿಂಗ್ಸ್ ಎನ್ನುತ್ತಿದ್ದರು. ಸೋಡಾ ಬಯಲಿನ ಅಂಚಿನಲ್ಲಿ ನೀರಿನ ಒರತೆ ಇತ್ತು, ಆದ್ದರಿಂದ ಆ ಹೆಸರು. ನಮ್ಮೂರಲ್ಲಿ ಕೆರೆ ಏರಿಯ ಮೇಲೆ ಹೋಗುವ ದಾರಿಗೆ ಏರಿದಾರಿ ಅನ್ನುವ ಹಾಗೆ. ಪುತ್ತೂರಿನ ಹತ್ತಿರ ಇರ್ದೆಯಲ್ಲಿ ನೆಲದಿಂದ ಬೆಚ್ಚನೆಯ ನೀರು ಬರುತ್ತದೆ. ಅಲ್ಲಿಯ ಜನ ಅದನ್ನು ಬೆಂದ್ರ್ ತೀರ್ಥ ಎಂದರು. ತುಳುವಿನಲ್ಲಿ ಬೆಂದ್ರ್ ಎಂದರೆ ಬಿಸಿನೀರು, ಅಷ್ಟೇ. ಹಳ್ಳಿಯವರು ಹೆಸರಿಡುವಾಗ ಇರುವುದನ್ನು ಹೇಳುತ್ತಾರೆ. ಇಲ್ಲದ್ದನ್ನು ಹೇಳುವುದಕ್ಕೆ ವಿದ್ಯಾವಂತರು ಬೇಕು.

ಆ ಒರತೆಗೆ ಚರಿತ್ರೆಯೂ ಇತ್ತು. ಮೊಹಾವಿ ನದಿ ಬೆಟ್ಟದಲ್ಲಿ ಹುಟ್ಟಿ, ಸಮುದ್ರದ ಕಡೆ ತಿರುಗಿಯೂ ನೋಡದೆ ಮರುಭೂಮಿಗೇ ನುಗ್ಗಿ, ಹೆಚ್ಚು ಪಾಲು ಮರಳಿನ ಅಡಿಯಲ್ಲೇ ಹರಿದು, ಕೊನೆಗೆ ಈ ಸೋಡಾ ಬಯಲಿನಲ್ಲಿ ಇಂಗಿಹೋಗುತ್ತದೆ. ನಮ್ಮ ಸರಸ್ವತಿಯ ದೂರದ ನೆಂಟಳು. ಮೂಲನಿವಾಸಿಗಳು ಶತಮಾನಗಳ ಕಾಲ ಈ ನೀರಿನ ಜಾಡು ಹಿಡಿದೇ ಮರುಭೂಮಿ ದಾಟಿದರು. 1826ರಲ್ಲಿ ಜೆಡೆಡಾಯ ಸ್ಮಿತ್ ಎಂಬ ಅನ್ವೇಷಕ ಅದೇ ದಾರಿಯಲ್ಲಿ ಬಂದ. 1860ರ ದಶಕದಲ್ಲಿ ಸೈನ್ಯದವರು ಠಾಣ್ಯ ಹಾಕಿದರು. ಆಮೇಲೆ ಟೊನೊಪಾ ಅಂಡ್ ಟೈಡ್‌ವಾಟರ್ ಎಂಬ ರೈಲು ಬಿಳಿಗಾರ ಸಾಗಿಸುತ್ತಾ 1907ರಿಂದ 1940ರವರೆಗೆ ಈ ಪಕ್ಕದಲ್ಲೇ ಓಡಿ ನಿಂತುಹೋಯಿತು. ಇವರ್ಯಾರಿಗೂ ಹೊಸ ಹೆಸರಿನ ಅಗತ್ಯ ಬೀಳಲಿಲ್ಲ. ನೀರು ಕುಡಿದರು, ಮುಂದೆ ಹೋದರು.

1944ರಲ್ಲಿ ನೀವು ಬಂದಿರಿ.

ಬರುವಾಗಲೇ ನಿಮ್ಮ ಹೆಸರಿನ ಹಿಂದೆ ಮುಂದೆ ಪದವಿಗಳಿದ್ದವು. ಡಾಕ್ಟರ್ ಹೌದು, ಪಾದ್ರಿ ಹೌದು, ರೇಡಿಯೊ ಪ್ರವಚನಕಾರರಂತೂ ಹೌದೇ ಹೌದು. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ನಿನವರು 1930ರ ದಶಕದಲ್ಲೇ ನಿಮ್ಮ ಪದವಿಗಳ ಬೆನ್ನು ಹತ್ತಿ ಹೋಗಿ ಬರಿಗೈಯಲ್ಲಿ ವಾಪಸು ಬಂದಿದ್ದರು. ಇದಕ್ಕೆ ನೀವು ಬೇಸರ ಮಾಡಿಕೊಳ್ಳಬೇಡಿ. ನಮ್ಮಲ್ಲೂ ಗೌರವ ಡಾಕ್ಟರೇಟ್ ಬಂದ ಮರುದಿನವೇ ಗೇಟಿನ ಮೇಲಿನ ಫಲಕ ಬದಲಾಗುತ್ತದೆ. ನಿಮ್ಮದು ಇನ್ನೂ ಸರಳ, ಯಾರನ್ನೂ ಕಾಯದೆ ನಿಮಗೆ ನೀವೇ ಕೊಟ್ಟುಕೊಂಡಿರಿ.

ಈಗ ನನ್ನ ಕಸುಬಿನ ವಿಷಯಕ್ಕೆ ಬರುತ್ತೇನೆ. ಅಮೆರಿಕದಲ್ಲಿ 1872ರ ಗಣಿ ಕಾಯ್ದೆ ಅಂತ ಒಂದಿದೆ. ಸರ್ಕಾರಿ ಜಮೀನಿನಲ್ಲಿ ಖನಿಜ ಕಂಡವನು ಹಕ್ಕು ಸಾಧಿಸಿ ಅರ್ಜಿ ಹಾಕಬಹುದು. ನೀವು ಮತ್ತು ನಿಮ್ಮ ಶ್ರೀಮತಿಯವರು ಆ ಕಾಯ್ದೆಯಡಿ ಕಾಗದ ಹಾಕಿ ಹಿಡಿದದ್ದು 12,800 ಎಕರೆ. ಸಂಖ್ಯೆಯನ್ನು ಎರಡು ಸಲ ಓದಿದೆ. ಹತ್ತಿರ ಹತ್ತಿರ ಐವತ್ತೆರಡು ಚದರ ಕಿಲೋಮೀಟರ್. ಗಣಿ ಎಂದು ಬರೆದಿರಿ, ಕಟ್ಟಿದ್ದು ಹೋಟೆಲು. ಸ್ವಾಮೀ, ನಮ್ಮಲ್ಲಿ ಇದಕ್ಕೆ ಬಗರ್‌ಹುಕುಂ ಅನ್ನುತ್ತಾರೆ. ಹುಕುಂ ಇಲ್ಲದೆ ಉಳುಮೆ. ಇದಕ್ಕೆಂದೇ ನಮೂನೆ 50 ಇತ್ತು, ಆಮೇಲೆ 53 ಬಂತು, ಮೊನ್ನೆ ಮೊನ್ನೆ 57 ಬಂತು. ಬಡವನೊಬ್ಬ ಗೋಮಾಳದ ಅಂಚಿನಲ್ಲಿ ಎರಡು ಎಕರೆ ರಾಗಿ ಹಾಕಿಕೊಂಡು, ಸಾಗುವಳಿ ಚೀಟಿ ಸಿಗುತ್ತದೇನೋ ಎಂದು ನನ್ನ ಮೇಜಿನ ಮುಂದೆ ಹತ್ತು ವರ್ಷ ನಿಲ್ಲುತ್ತಿದ್ದ. ನಾಲ್ಕು ಎಕರೆ ಮೂವತ್ತೆಂಟು ಗುಂಟೆ ದಾಟಿತೋ, ಅರ್ಜಿ ವಜಾ. ನೀವು ಯಾವ ಮೇಜಿನ ಮುಂದೆಯೂ ನಿಲ್ಲದೆ ಮೂವತ್ತು ವರ್ಷ ಅನುಭವಿಸಿದಿರಿ. ಆ ಎರಡು ಎಕರೆಯವನನ್ನು ನೆನೆಸಿಕೊಂಡಾಗಲೆಲ್ಲ ನನಗನ್ನಿಸುವುದು, ಅವನ ತಪ್ಪು ಒತ್ತುವರಿ ಮಾಡಿದ್ದಲ್ಲ, ಸಣ್ಣದಾಗಿ ಮಾಡಿದ್ದು.

ಜಮೀನು ಹಿಡಿದ ಮೇಲೆ ಹೆಸರು ಬೇಕಲ್ಲ. ಇಂಗ್ಲಿಷಿನಲ್ಲಿ ಒಂದು ವಸ್ತುವನ್ನು ಹೊಗಳುವಾಗ ಲಾಸ್ಟ್ ವರ್ಡ್ ಅನ್ನುತ್ತಾರಂತೆ. ಇದರ ಮೇಲೆ ಇನ್ನೊಂದಿಲ್ಲ ಅಂತ ಅರ್ಥ. ಆರೋಗ್ಯದ ವಿಷಯದಲ್ಲಿ ನಮ್ಮದೇ ಕೊನೆಯ ಮಾತು ಎಂದು ಸಾರಬೇಕಿತ್ತು ನಿಮಗೆ. ಅದಕ್ಕೆ ಇಂಗ್ಲಿಷ್ ಭಾಷೆಯ ಕಟ್ಟಕಡೆಯ ಪದವನ್ನೇ ಊರಿಗೆ ಇಡುತ್ತೇನೆ ಎಂದಿರಿ. ಅಂಥದ್ದೊಂದು ಪದ ನಿಘಂಟಿನಲ್ಲಿ ಇರಲಿಲ್ಲ. ನಿಮ್ಮಂಥವರಿಗೆ ಅದೊಂದು ಅಡ್ಡಿಯೇ? ಮೂರು ಝಡ್, ಒಂದು ವೈ, ಒಂದು ಎಕ್ಸ್ ಸೇರಿಸಿ ಹೊಲಿದುಬಿಟ್ಟಿರಿ. ಪದವಿ, ಜಮೀನು, ಪದ, ಮೂರೂ ಒಂದೇ ದರ್ಜಿಯ ಕೈಕೆಲಸ.

ಕೊನೆಯವನಾಗುವ ಆಸೆ ನನಗೂ ಅರ್ಥವಾಗುತ್ತದೆ. ನನ್ನ ಹೆಸರು ಅಕಾರದಿಂದ ಶುರು. ಹಾಜರಿ ಪುಸ್ತಕದಲ್ಲಿ ಯಾವತ್ತೂ ನಾನೇ ಒಂದನೇ ನಂಬರು. ಮಗ್ಗಿ ಒಪ್ಪಿಸುವುದಕ್ಕೆ ಮೊದಲು ನಾನು, ಸೂಜಿ ಚುಚ್ಚಿಸಿಕೊಳ್ಳುವುದಕ್ಕೂ ಮೊದಲು ನಾನು. ಹಕಾರದವರು ಹಿಂದೆ ಕೂತು ನನ್ನ ಅಳು ನೋಡಿ ತಯಾರಾಗುತ್ತಿದ್ದರು.

ನೀವು ಕನ್ನಡದಲ್ಲಿ ಈ ಸಾಹಸ ಮಾಡಿದ್ದರೆ ಏನಾಗುತ್ತಿತ್ತು ಎಂದು ಕಾರಿನಲ್ಲಿ ಕೂತು ಯೋಚಿಸಿದೆ. ನಮ್ಮ ವರ್ಣಮಾಲೆ ಮುಗಿಯುವುದು ಳಕಾರದಲ್ಲಿ. ಆದರೆ ಳಕಾರದಿಂದ ಶುರುವಾಗುವ ಪದ ನಮ್ಮಲ್ಲಿಲ್ಲ. ಹೀಗಾಗಿ ನಿಘಂಟು ಹಕಾರಕ್ಕೇ ಬಾಗಿಲು ಹಾಕುತ್ತದೆ. ಕೊನೆಕೊನೆಗೆ ಹೌದು, ಹೌಹಾರು, ಆಮೇಲೆ ಹ್ರಸ್ವ, ಹ್ಲಾದ. ಆರೋಗ್ಯಧಾಮಕ್ಕೆ ಹ್ಲಾದ ಅಂತ ಹೆಸರಿಟ್ಟಿದ್ದರೆ ಯಾರೂ ತಿರುಗಿ ನೋಡುತ್ತಿರಲಿಲ್ಲ, ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನ ಹೆಸರಿನಂತಿದೆ. ನೀವಾದರೋ ಳಳೂಳ್ ಎಂದೇನಾದರೂ ಹೊಲಿಯುತ್ತಿದ್ದಿರಿ. ಬಾಳೆಹಣ್ಣನ್ನು ಬಾಲೆಹಣ್ಣು ಅನ್ನುವವರೇ ಹೆಚ್ಚಾದ ಈ ಕಾಲದಲ್ಲಿ ಆ ಊರಿಗೆ ಬಸ್ಸಿನಲ್ಲಿ ಟಿಕೆಟ್ ಕೇಳುವವರು ಯಾರು?

ಊರು ಮಾತ್ರ ಚೆನ್ನಾಗಿಯೇ ಕಟ್ಟಿದಿರಿ. ಲಾಸ್ ಏಂಜಲೀಸಿನ ಸ್ಕಿಡ್ ರೋ ಬೀದಿಯಲ್ಲಿ ನೆಲೆಯಿಲ್ಲದೆ ಮಲಗುತ್ತಿದ್ದವರನ್ನು ಕರೆತಂದು, ಊಟ ಮತ್ತು ಸೂರು ಕೊಟ್ಟು, ಗೋಡೆ ಎಬ್ಬಿಸಿದಿರಿ. ಅರವತ್ತು ಕೋಣೆಯ ಹೋಟೆಲು, ಚರ್ಚು, ರೇಡಿಯೊ ಸ್ಟುಡಿಯೊ, ಕ್ಯಾಸಲ್ ಎಂಬ ಹೆಸರಿನ ಒಂದು ಕಟ್ಟಡ, ಮಧ್ಯದಲ್ಲಿ ಬುಲೆವಾರ್ಡ್ ಆಫ್ ಡ್ರೀಮ್ಸ್, ಎಂದರೆ ಕನಸಿನ ರಾಜಬೀದಿ. ಬೀದಿಯ ಉದ್ದ ಒಂದು ಎತ್ತಿನಗಾಡಿ ಎರಡು ಸಲ ತಿರುಗಿಸುವಷ್ಟು, ಹೆಸರಿನ ಉದ್ದ ಮೈಸೂರು ದಸರಾ ಮೆರವಣಿಗೆಯಷ್ಟು. ಬಿಸಿನೀರಿನ ಕೊಳಗಳನ್ನೂ ಮಾಡಿಸಿದಿರಿ. ಭೂಮಿ ಬಿಸಿನೀರು ಕೊಡದಿದ್ದರೆ ಬಾಯ್ಲರ್ ಕೊಡುವುದಿಲ್ಲವೇ? ಹಂಡೆ ಕಾಯಿಸಿ ಬೆಂದ್ರ್ ತೀರ್ಥ ಮಾಡಿದ ಮಹಾನುಭಾವರು ನೀವು.

ಮತ್ತೆ ನಿಮ್ಮ ಔಷಧಿಗಳು. ಇಲ್ಲಿ ಒಂದು ಗಳಿಗೆ ನಿಲ್ಲಲೇಬೇಕು. ನಮ್ಮ ಬಸ್ ನಿಲ್ದಾಣದ ಶೌಚಾಲಯದ ಗೋಡೆಗಳ ಮೇಲೆ ಮೂಲವ್ಯಾಧಿ, ಭಗಂದರ, ಬೋಳುತಲೆ ಎಂದು ಚೀಟಿ ಅಂಟಿಸಿರುತ್ತಾರೆ. ಜಾತ್ರೆಯಲ್ಲಿ ಟೆಂಟು ಹಾಕಿ ಹಿಮಾಲಯದ ಬೇರು ಮಾರುವವರನ್ನೂ ಕಂಡಿದ್ದೇನೆ. ಆ ಬೇರು ಚನ್ನರಾಯಪಟ್ಟಣದ ಆಚೆಯಿಂದ ಬಂದದ್ದೇ ಅನುಮಾನ. ಅವರೆಲ್ಲ ನಿಮ್ಮ ಶಿಷ್ಯಕೋಟಿ ಎಂದು ಈಗ ತಿಳಿಯಿತು. ಮೂಲವ್ಯಾಧಿಗೆ ಮನೆಯಲ್ಲೇ ಮಾಡಿಕೊಳ್ಳುವ ಚಿಕಿತ್ಸೆಯ ಪೆಟ್ಟಿಗೆ ನಿಮ್ಮಲ್ಲಿತ್ತು. ಬೋಳುತಲೆಗೆ ಮೋ-ಹೇರ್ ಇತ್ತು. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಆ್ಯಂಟಿಡಿಲೂವಿಯನ್ ಟೀ. ನೋಹನ ಜಲಪ್ರಳಯಕ್ಕಿಂತ ಮುಂಚಿನ ಚಹಾ! ಪ್ರಳಯಕ್ಕೆ ಮುಂಚಿನ ಸೊಪ್ಪು ನಿಮ್ಮ ಕೈಗೆ ಹೇಗೆ ಸಿಕ್ಕಿತು, ನಾವೆಯಲ್ಲಿ ನಿಮಗೂ ಸೀಟು ಇತ್ತೇ ಎಂದು ಯಾರೂ ಕೇಳಲಿಲ್ಲ.

ಇದನ್ನೆಲ್ಲ ಮಾರುತ್ತಿದ್ದಿರಿ ಅಂದರೆ ತಪ್ಪಾಗುತ್ತದೆ. ರೇಡಿಯೊದಲ್ಲಿ ದೇವರನಾಮ, ಪ್ರವಚನ, ಮಧ್ಯೆ ಔಷಧಿಯ ಗುಣಗಾನ. ಕೇಳಿದವರು ಕಾಣಿಕೆ ಕಳಿಸುತ್ತಿದ್ದರು, ನೀವು ಪ್ರಸಾದ ಕಳಿಸುತ್ತಿದ್ದಿರಿ. ದೇಶವಿಡೀ ಸ್ಟೇಷನ್ನುಗಳು ನಿಮ್ಮ ದನಿ ಬಿತ್ತರಿಸುತ್ತಿದ್ದವು. ಬಂದ ಮುದುಕರು ಮುದುಕಿಯರಿಗೆ ಬಿಸಿನೀರು, ಒಣಹವೆ, ಹೊತ್ತುಹೊತ್ತಿಗೆ ಊಟ, ಜೊತೆಗೆ ಹರಟೆಗೆ ಜನ. ಹೆಂಡ ನಿಷೇಧ. ನಿಜ ಹೇಳಬೇಕೆಂದರೆ ಅವರಲ್ಲಿ ಕೆಲವರಿಗೆ ಗುಣವೂ ಆಗಿರಬಹುದು. ಒಂಟಿ ಮುದುಕರಿಗೆ ಎರಡು ವಾರ ಮಾತಾಡಿಸುವವರು ಸಿಕ್ಕರೆ ಮಂಡಿನೋವು ಅರ್ಧ ಇಳಿಯುತ್ತದೆ, ಅದಕ್ಕೆ ಪ್ರಳಯದ ಚಹಾ ಬೇಕಿಲ್ಲ. ಇದು ನಿಮ್ಮ ಪರವಾಗಿ ನಾನು ದಾಖಲಿಸುವ ಏಕೈಕ ಷರಾ.

ನೀವು ಎಡವಿದ್ದು ಎಲ್ಲಿ ಗೊತ್ತೇ? ಮೋಸದಲ್ಲಲ್ಲ, ಧಾರಾಳದಲ್ಲಿ. ದೊಡ್ಡ ಕಾಣಿಕೆ ಕೊಟ್ಟವರಿಗೆ ಮನೆ ಕಟ್ಟಿಕೊಳ್ಳಲು ಸೈಟು ಹಂಚಲು ಶುರುಮಾಡಿದಿರಿ. ಸರ್ಕಾರಿ ಜಮೀನಿನಲ್ಲಿ ಒಬ್ಬ ಕೂತರೆ ಅಧಿಕಾರಿ ಕಣ್ಣು ಮುಚ್ಚಿಕೊಳ್ಳಬಹುದು, ಅವನೇ ಲೇಔಟ್ ಮಾಡಿದರೆ ಮುಚ್ಚಿಕೊಂಡಿರುವುದು ಕಷ್ಟ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. 1969ರಲ್ಲಿ ವೈದ್ಯರ ಸಂಘ ನಿಮ್ಮನ್ನು ನಕಲಿ ವೈದ್ಯರ ಚಕ್ರವರ್ತಿ ಎಂದು ಕರೆಯಿತು. ಕೊನೆಗೂ ಒಂದು ಪದವಿ ಅಧಿಕೃತವಾಗಿ ಸಿಕ್ಕಂತಾಯಿತು. ಸುಳ್ಳು ಜಾಹೀರಾತಿನ ಮೊಕದ್ದಮೆಯಲ್ಲಿ ಕೆಲವು ವಾರ ಜೈಲೂ ಕಂಡಿರಿ. 1974ರಲ್ಲಿ ಭೂನಿರ್ವಹಣಾ ಇಲಾಖೆಯವರು ಒತ್ತುವರಿ ತೆರವು ಮಾಡಿದರು. ಮೂವತ್ತು ವರ್ಷಕ್ಕೆ ಬಾಡಿಗೆ, ಕಂದಾಯ ಸೊನ್ನೆ.

ಇಲ್ಲಿಗೆ ಕಡತ ಮುಚ್ಚಬಹುದಿತ್ತು. ಆದರೆ ಇದರ ಮುಂದಿನ ಹಾಳೆಗಳೇ ನನ್ನನ್ನು ಈ ಪತ್ರಕ್ಕೆ ಕೂರಿಸಿದ್ದು.

1976ರಿಂದ ನಿಮ್ಮ ಊರಿನಲ್ಲಿ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯವರ ಮರುಭೂಮಿ ಅಧ್ಯಯನ ಕೇಂದ್ರ ನಡೆಯುತ್ತಿದೆ. ನೀವು ನಕಲಿ ವಿಜ್ಞಾನ ಬೋಧಿಸಿದ ಕೋಣೆಗಳಲ್ಲಿ ಹುಡುಗ ಹುಡುಗಿಯರು ಅಸಲಿ ವಿಜ್ಞಾನ ಓದುತ್ತಾರೆ. ಪಿಎಚ್‌.ಡಿ. ಮಾಡುವವರೂ ಬಂದು ತಂಗುತ್ತಾರೆ, ಅವರ ಪದವಿಗಳು ಹುಡುಕಿದರೆ ಸಿಗುತ್ತವೆ.

ಇನ್ನೊಂದು ಇದೆ. ನೀವು ಅಲಂಕಾರಕ್ಕೆಂದು ಒಂದು ಕೆರೆ ತೋಡಿಸಿದಿರಲ್ಲ, ಲೇಕ್ ಟುಯೆಂಡೆ, ಮಧ್ಯೆ ಕಾರಂಜಿ? ಅದರಲ್ಲಿ ಮೊಹಾವಿ ಟೂಯಿ ಚಬ್ ಎಂಬ ಮೀನಿದೆ. ಮೊಹಾವಿ ನದಿಯ ಮೂಲದ ಮೀನು ಅದೊಂದೇ. ಯಾರೋ ಗಾಳದ ಎರೆಗೆಂದು ಹೊರಗಿನ ಮೀನು ತಂದು ನದಿಗೆ ಬಿಟ್ಟದ್ದರಿಂದ ಇದರ ತಳಿ ಬೆರಕೆಯಾಗಿ ನದಿಯಿಂದಲೇ ಅಳಿಸಿಹೋಯಿತು. ನಿಮ್ಮ ಊರಿನ ಒಂದು ಸಣ್ಣ ಒರತೆಯಲ್ಲಿ ಮಾತ್ರ ಶುದ್ಧ ತಳಿ ಉಳಿದಿತ್ತು. ಅಳಿವಿನಂಚಿನ ಜೀವಿಗಳ ಪಟ್ಟಿಗೆ 1970ರಲ್ಲೇ ಸೇರಿದ ಆ ಮೀನಿಗೆ ಇವತ್ತಿನ ಮುಖ್ಯ ಆಸರೆಗಳಲ್ಲಿ ನಿಮ್ಮ ಶೋಕಿಯ ಕೆರೆಯೂ ಒಂದು. ನಾನು ದಡದಲ್ಲಿ ಕೂತು ನೋಡಿದೆ. ಗೇಣುದ್ದವೂ ಇಲ್ಲ, ಬಣ್ಣವೂ ಹೇಳಿಕೊಳ್ಳುವಂಥದ್ದಲ್ಲ. ನಿಮ್ಮ ಆರೋಗ್ಯಧಾಮದಲ್ಲಿ ನಿಜವಾಗಿ ಬದುಕಿ ಉಳಿದ ರೋಗಿ ಇದೊಂದೇ, ಅದೂ ಕಾಣಿಕೆ ಕೊಡದೆ.

ಹಾಗೆಯೇ ಉಳಿದದ್ದು ಹೆಸರು. ಪದವಿ ಸುಳ್ಳು, ಬಿಸಿನೀರು ಸುಳ್ಳು, ಗಣಿ ಸುಳ್ಳು. ಎಲ್ಲವನ್ನೂ ಸರ್ಕಾರ ಕಿತ್ತುಕೊಂಡಿತು. ಆದರೆ ಇವೆಲ್ಲಕ್ಕಿಂತ ದೊಡ್ಡ ಸುಳ್ಳಾಗಿದ್ದ ಆ ಐದು ಅಕ್ಷರಗಳನ್ನು ಅದೇ ಸರ್ಕಾರ ತನ್ನ ಖರ್ಚಿನಲ್ಲಿ ಹಸಿರು ತಗಡಿನ ಮೇಲೆ ಬರೆಸಿ ಹೆದ್ದಾರಿಯಲ್ಲಿ ನಿಲ್ಲಿಸಿದೆ. ಜಮೀನಿಗೆ ಖಾತೆ ಆಗಲಿಲ್ಲ, ಹೆಸರಿಗೆ ಖಾತೆ ಆಯಿತು. ಅಕ್ರಮ ಸಕ್ರಮವಾದದ್ದನ್ನು ಬೇಕಾದಷ್ಟು ಕಂಡಿದ್ದೇನೆ. ಜಮೀನು ಬಿಟ್ಟು ಬರೀ ಹೆಸರು ಸಕ್ರಮವಾದ ಪ್ರಕರಣ ನನ್ನ ಸೇವಾವಧಿಯಲ್ಲಿ ಒಂದೂ ಇಲ್ಲ.

ನಿಮ್ಮ ರಸ್ತೆಯ ಮೇಲೆ ಸಿನಿಮಾ ಕೂಡ ಬಂತು, ಅಕ್ಷರ ಹಿಂದೆಮುಂದೆ ಮಾಡಿ ಹೆಸರಿಟ್ಟರು. 2006ರಲ್ಲಿ ಡಲ್ಲಾಸಿನ ಒಂದೇ ಒಂದು ಥಿಯೇಟರಿನಲ್ಲಿ ಆರು ದಿನ ಓಡಿ ಮೂವತ್ತು ಡಾಲರ್ ಗಳಿಸಿತು. ಆರು ಟಿಕೆಟ್. ಅದರಲ್ಲೂ ಎರಡು ಟಿಕೆಟ್ಟಿನ ದುಡ್ಡು ವಾಪಸು ಕೊಟ್ಟರಂತೆ. ನಮ್ಮ ಗಾಂಧಿನಗರದಲ್ಲಿ ಬಂದ ದಿನವೇ ಎತ್ತಂಗಡಿಯಾದ ಚಿತ್ರಗಳ ನಿರ್ಮಾಪಕರಿಗೆ ಈ ಸುದ್ದಿ ತಿಳಿಸಿದರೆ ಎರಡು ತುತ್ತು ಜಾಸ್ತಿ ಉಂಡಾರು.

ಆದರೆ ಕೊನೆಯ ಮಾತಿನ ಬಗ್ಗೆ ಒಂದು ತಕರಾರು ಇದೆ. 2017ರಲ್ಲಿ ಆಕ್ಸ್‌ಫರ್ಡ್ ನಿಘಂಟಿನವರು ತಮ್ಮ ಕಟ್ಟಕಡೆಯ ಪದವಾಗಿ ಝಿಝಿವ ಎಂಬುದನ್ನು ಸೇರಿಸಿಕೊಂಡರು. ಅದು ದಕ್ಷಿಣ ಅಮೆರಿಕದ ಒಂದು ಮೂತಿ ಹುಳುವಿನ ಹೆಸರು. ಅಕ್ಷರಕ್ರಮ ಹಿಡಿದರೆ ನಿಮ್ಮದೇ ಅದಕ್ಕಿಂತ ಹಿಂದೆ, ಒಪ್ಪಿದೆ. ಆದರೂ ಪಂಡಿತರು ಒಳಗೆ ಬಿಟ್ಟದ್ದು ಹುಳುವನ್ನು. ಡಾಕ್ಟರ್ ಹೊರಗೇ ನಿಂತಿದ್ದಾರೆ.

ಇನ್ನು ಮುಗಿಸುತ್ತೇನೆ. ನಿಮ್ಮ ರಸ್ತೆಯಿಂದ ಹೊರಬಿದ್ದು ಮತ್ತೆ ಹೆದ್ದಾರಿ ಹಿಡಿದೆವು. ಬೇಕರ್‌ನಲ್ಲಿ 134 ಅಡಿ ಎತ್ತರದ ಥರ್ಮಾಮೀಟರ್ ನೋಡಿ ಕಾಫಿ ಕುಡಿದೆವು. ಮೊಮ್ಮಗಳಿಗೆ ಬೇಜಾರು ಹತ್ತಿ, ಊರಿನ ಹೆಸರಿನ ಅಂತ್ಯಾಕ್ಷರಿ ಆಡೋಣ ಎಂದಳು. ಇಂಗ್ಲಿಷ್ ಅಕ್ಷರದಲ್ಲಿ, ಯಾವ ದೇಶದ ಊರಾದರೂ ಸರಿ. ಮಗಳು ಸಾಂಟಾ ಕ್ರೂಜ್ ಎಂದಳು. ನನಗೆ ಝಡ್ ಬಂತು. ನಿಮ್ಮನ್ನು ಮನಸಾರೆ ನೆನೆದು, ಆಟ ಇಲ್ಲಿಗೆ ಮುಗಿಯಿತು ಎಂಬ ಧೈರ್ಯದಲ್ಲಿ "ಝೈಝಿಕ್ಸ್" ಎಂದೆ.

ಮೊಮ್ಮಗಳು ಉಸಿರು ಕೂಡ ಎಳೆದುಕೊಳ್ಳಲಿಲ್ಲ. "ಎಕ್ಸ್... ಝೀನಿಯಾ! ಒಹಾಯೊದಲ್ಲಿದೆ. ತಾತಾ, ಮತ್ತೆ ನೀವೇ. ಎ."

ಒಂದನೇ ನಂಬರು ತಪ್ಪಲಿಲ್ಲ. "ಅರಸೀಕೆರೆ" ಎಂದೆ.

"ಇ ನನಗೆ" ಎಂದು ಅಳಿಯ ಸ್ಟೀರಿಂಗ್ ಹಿಡಿದುಕೊಂಡೇ ಎಲ್ಕೊ ಎಂದ. ನೀವು ಕಣ್ಣು ಮುಚ್ಚಿದ ಲಾಸ್ ವೇಗಸ್ ಬರುವವರೆಗೂ ಆಟ ನಡೆದೇ ಇತ್ತು.

ಇಂತಿ ತಮ್ಮ ವಿಶ್ವಾಸಿ,
ಹಾಜರಿ ಪುಸ್ತಕದ ಒಂದನೇ ನಂಬರು

ಅಡಕ: ಇಲ್ಲ. ಟೀ ಪೊಟ್ಟಣವೊಂದು ಸಿಕ್ಕರೆ ಕಳಿಸಿಕೊಡಿ, ನಮ್ಮ ಮನೆಯವರಿಗೆ ಮಂಡಿನೋವು.